ಅರಳೆ ಅಂಗಡಿಯ ಹಲಗೆ

ನಾನು ಚಿಕ್ಕವಳಿದ್ದಾಗಿನ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ. ಉಣಕಲ್ಲಿನ ನಮ್ಮ ಅಂಗಳದಲ್ಲಿ ಅವ್ವ, ಅಪ್ಪನ ತಮ್ಮ ಕಾಕಾ ಮತ್ತು ನಾನು. ಮೊಮ್ಮಗಳ ಶಾಲೆಯಲ್ಲಿ ಮಕ್ಕಳು ಸಮತೋಲನ ಕಲಿಯಲು ನಡೆಯುವ ಹಲಗೆಗೆ ಹಚ್ಚಿದ ಎಣ್ಣೆಯ ವಾಸನೆ ಈಗಲೂ ನನ್ನನ್ನು ಅಲ್ಲಿಗೇ ಒಯ್ಯುತ್ತದೆ.

ತಿಂಗಳ ಜ್ವರದಿಂದ ಎದ್ದ ನನಗೆ ನಡೆದರೆ ಕಾಲುಗಳು ತೂರಾಡುತ್ತಿದ್ದವು. ಒಬ್ಬಳೇ ಮೆಟ್ಟಿಲು ಹತ್ತುವಂತಾದರೆ ಮಾತ್ರ ಸೋಮವಾರ ಶಾಲೆಗೆ ಬರಲಿ ಎಂದು ಹೆಡ್‌ಮಾಸ್ತರರು ಹೇಳಿ ಕಳಿಸಿದ್ದರು. ನನಗೆ ನಡೆಯುವ ಅಭ್ಯಾಸವಾಗಲೆಂದು ಕಾಕಾ ತನ್ನ ಅರಳೆ ಅಂಗಡಿಯ ಎಣ್ಣೆ ಹಚ್ಚಿದ ಹಲಗೆಯನ್ನು ಎರಡು ಇಟ್ಟಂಗಿಗಳ ಮೇಲೆ ಇಟ್ಟ. ಗೇಣೆತ್ತರವೂ ಇರಲಿಲ್ಲ. ನನಗೆ ಮಾತ್ರ ಬಾವಿಯ ಅಂಚಿನ ಮೇಲೆ ನಿಂತಂತಾಯಿತು. ಅವ್ವ ಹಿಂದಿನಿಂದ ನನ್ನ ಫ್ರಾಕಿನ ಲಾಡಿ ಹಿಡಿದಿದ್ದಳು.

"ಲಾಡಿ ಬಿಡ್ರಿ ವೈನಿ, ಅದೇನು ಎಮ್ಮಿ ಕರಾ ಅಲ್ಲ" ಎಂದ ಕಾಕಾ.

"ಬಿದ್ದರ ನೀ ಹಿಡೀತೀಯೇನು?" ಎಂದಳು ಅವ್ವ.

"ಕಾಲ ನೋಡಬ್ಯಾಡವಾ, ನನ್ನ ಮಾರಿ ನೋಡಕೋತ ಬಾ" ಎಂದು ಕಾಕಾ ಆ ತುದಿಯಲ್ಲಿ ಕೂತ.

ನಾನು ನಡುವೆ ಬಂದಾಗ ಹಲಗೆ ಬಾಗಿ ಕಿರುಗುಟ್ಟಿತು.

"ಅವ್ವಾ, ಹಿಡದೀಯಿಲ್ಲೋ?"

"ಹಿಡದೇನಿ, ನಡಿ."

ಆ ದನಿ ಬಹಳ ದೂರದಿಂದ, ನಾನು ಹೊರಟ ತುದಿಯಿಂದ ಬಂದಿತ್ತು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಇನ್ನೂ ನಾಲ್ಕು ಹೆಜ್ಜೆ ಇಟ್ಟು ಕಾಕಾನ ಅಂಗಿಯನ್ನು ಗಟ್ಟಿಯಾಗಿ ಹಿಡಿದೆ.

ಸಂಜೆ ಅವ್ವ ನನ್ನ ಶಾಲೆಯ ಬೂಟಿಗೆ ಪಾಲಿಶ್ ಹಚ್ಚಿದಳು. ಲೇಸು ಪೋಣಿಸಲು ಹೋದಾಗ ಬೂಟನ್ನು ನಾನು ಅವಳ ಕೈಯಿಂದ ತೆಗೆದುಕೊಂಡೆ. ಲೇಸನ್ನು ನಾನೇ ಪೋಣಿಸಿ, ಬೂಟುಗಳನ್ನು ಬಾಗಿಲ ಬಳಿ ಜೋಡಿಸಿಟ್ಟೆ.