ಉತ್ತರ ಬರುವಷ್ಟರಲ್ಲಿ

ಭವಿತಾ ಕಾವಲಿಗೆ ನೀರುದೋಸೆ ಹೊಯ್ದು ಮುಚ್ಚಳ ಇಡುವಷ್ಟರಲ್ಲಿ, ರಬ್ಬರ್ ಟ್ಯಾಪಿಂಗ್ ಮುಗಿಸಿದ ನೆರೆಮನೆಯ ಪದ್ಮಯ್ಯ ಒಳಗೇ ಬಂದು ಮೊಬೈಲ್ ಚಾಚಿದರು.

“ನಿನ್ನ ಆನೆ ಆ್ಯಪ್ ಪುನಃ ಬಂದ್ ಆಯ್ತು ಮಾರಾಯ್ತಿ. ಆನೆ ತೋಡಿನ ನೀರಿನ ಆಚೆಯೇ ಇತ್ತು. ನನಗೆ ಗೊತ್ತಾದದ್ದು ಲದ್ದಿ ನೋಡಿ! ನಾಳೆಯೂ ಹೀಗೇ ಆದ್ರೆ ನಾವು ಟ್ಯಾಪಿಂಗಿನವರೆಲ್ಲ ಅದನ್ನು ತೆಗೆದುಬಿಡುದು.”

ದೋಸೆ ಸೀದಿತು. ಗುತ್ತಿಗಾರು ಊರಿನಲ್ಲಿ ಯಾರಾದರೂ ಆನೆ ಕಂಡರೆ ಉಳಿದವರ ಫೋನಿಗೂ ತಿಳಿಯಲಿ ಎಂದು ವರ್ಷವಿಡೀ ಕೂತು ಅವಳು ಮಾಡಿದ ಆ್ಯಪ್ ಅದು. ಮನೆಯ ವೈಫೈಯಲ್ಲಿ ಒಮ್ಮೆಯೂ ನಿಲ್ಲುವುದಿಲ್ಲ. ಪದ್ಮಯ್ಯನವರ ಗುಡ್ಡೆಯಲ್ಲಿ ಆಗೊಮ್ಮೆ ಈಗೊಮ್ಮೆ ನಿಲ್ಲುತ್ತದೆ. ಆ್ಯಪಿನ ಯಾವ ಭಾಗ ಯಾವುದನ್ನು ಕರೆಯಿತು, ಯಾವುದು ಓಗೊಟ್ಟಿತು ಎಂದು ದಾಖಲಾಗುವಂತೆ ನಿನ್ನೆಯಷ್ಟೇ ಮಾಡಿಟ್ಟಿದ್ದಳು. ಒಲೆ ಆರಿಸಿ, ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಸಾಲು ಸಾಲಾಗಿ ಓದಿದಳು. ಪ್ರತಿ ಕರೆಗೂ ಉತ್ತರ ಉಂಟು. ಮತ್ತೆ ತಪ್ಪೆಲ್ಲಿ?

“ಅಮ್ಮಾ…” ಬಾಗಿಲಲ್ಲಿ ಮಗಳು ಪ್ರಣೀತಾ, ಕೈಯಲ್ಲೊಂದು ಕಾಗದ.

ಓದುತ್ತಿದ್ದ ಸಾಲು ಮುಗಿಸಿ “ಎಂತ ಮಗಾ?” ಎಂದು ತಲೆ ಎತ್ತುವಾಗ ಬಾಗಿಲು ಖಾಲಿ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಪದ್ಮಯ್ಯ ನಕ್ಕರು. “ಯಾರ ಹತ್ರ ಮಾತಾಡುದು ನೀನು? ಕರೆದವಳು ಆಗಲೇ ಹೋದಳು!”

ಭವಿತಾ ಖಾಲಿ ಬಾಗಿಲನ್ನೇ ನೋಡಿದಳು. ಮತ್ತೆ ಆ ಸಾಲುಗಳನ್ನು. ನಕ್ಷೆಯ ಪುಟ ‘ಆನೆ ಎಲ್ಲಿ?’ ಎಂದು ಕೇಳಿದೆ. ಗುಡ್ಡೆಯ ನೆಟ್ ನಿಧಾನ. ಕಾದು ಬೇಸತ್ತ ಪದ್ಮಯ್ಯ ಪುಟ ಮುಚ್ಚಿದ್ದಾರೆ. ಉತ್ತರ ಬಂದದ್ದು ಆಮೇಲೆ. ಇಲ್ಲದ ಪುಟವನ್ನು ಹುಡುಕಿ ಆ್ಯಪ್ ಮುಗ್ಗರಿಸಿದೆ.

ಕೇಳಿದ ಪುಟ ಇನ್ನೂ ಇದ್ದರೆ ಮಾತ್ರ ಉತ್ತರ ಕೊಡುವಂತೆ ಎರಡು ಸಾಲು ಬರೆದು ಫೋನಿಗೆ ಹಾಕಿದಳು. ಪದ್ಮಯ್ಯ ನೆಟ್ ಒಂದೇ ಕಡ್ಡಿ ಸಿಗುವ ಅಂಗಳದ ಮೂಲೆಯಲ್ಲಿ ನಿಂತು ಇಪ್ಪತ್ತು ಸಲ ತೆರೆದರು, ಇಪ್ಪತ್ತು ಸಲ ಮುಚ್ಚಿದರು.

“ಈಗ ಗಟ್ಟಿಯಾಯ್ತು! ನಮ್ಮ ಭವಿತಾ ಮಾಡಿದ್ದು ಅಂತ ಊರಿಡೀ ಹೇಳುದೇ ಇನ್ನು.”

ಭವಿತಾ ಲ್ಯಾಪ್‌ಟಾಪ್ ಮುಚ್ಚಿ, ಮನೆಯ ಚಾವಡಿಗೆ ಹೋಗಿ ಮಗಳ ಎದುರು ಕೂತಳು. “ಮೂರು ಸಲ ಕರೆದೆಯಲ್ಲ. ಈಗ ಕೇಳು, ಇಲ್ಲೇ ಇದ್ದೇನೆ.”

ಪ್ರಣೀತಾ ಶಾಲೆಯ ಕಾಗದ ತೋರಿಸಿದಳು. ‘ತಾಯಿಯ ಉದ್ಯೋಗ’ ಎಂಬಲ್ಲಿ ಪೆನ್ಸಿಲಿನಲ್ಲಿ ‘ಮನೆಯಲ್ಲಿ’ ಎಂದು ಬರೆದು, ಈಗಷ್ಟೇ ಉಜ್ಜಿ ಅಳಿಸಿದ ಗುರುತು.

“ಒಂದೇ ಗೆರೆ ಕೊಟ್ಟಿದ್ದಾರೆ ಅಮ್ಮ. ನೀನು ಮಾಡುದೆಲ್ಲ ಅದರಲ್ಲಿ ಹಿಡಿಸ್ತದಾ?”