ಮುಳ್ಳುಹಂದಿಯ ಮುಂದೆ ಪಂದ್ಯ

ಮದುವೆಗೆ ಒಪ್ಪಿಗೆ ಹೇಳುವ ಮುಂಚೆ ಮಾತಾಡಿಕೊಳ್ಳಲಿ ಎಂದು ಹಿರಿಯರು ಮೃದುಲಾ, ನಾಗಭೂಷಣ ಇಬ್ಬರನ್ನೂ ಮೃಗಾಲಯಕ್ಕೆ ಕಳಿಸಿದ್ದರು. ಅವನು ಪ್ರತಿ ಬೋನಿನ ಮುಂದೆ ನಿಂತು, ಆ ಪ್ರಾಣಿಯ ಇಂಗ್ಲಿಷ್ ಹೆಸರು ಎಲ್ಲಿಂದ ಬಂತೆಂದು ಗಂಭೀರವಾಗಿ ಹೇಳುತ್ತಿದ್ದ. ನಕ್ಕು ನಕ್ಕು ಅವಳ ಹೊಟ್ಟೆ ಹುಣ್ಣಾಗಿತ್ತು.

"ಪಾರ್ಕ್ಯುಪೈನ್ ಅಂದ್ರೆ ಹಳೇ ಫ್ರೆಂಚಲ್ಲಿ ಮುಳ್ಳಿರೋ ಹಂದಿ ಅಂತ ಕಣ್ರೀ."

"ಸುಳ್ಳು! ನಮ್ಮ ಮುಳ್ಳುಹಂದಿಗೇ ಫ್ರೆಂಚ್ ಟೋಪಿ ಹಾಕಿ ತೋರಿಸ್ತಿದ್ದೀರಾ?"

"ನಿಜ ಆದ್ರೆ?"

"ಇವತ್ತೇ ಮದುವೆಗೆ ಒಪ್ಕೋತೀನಿ. ಸುಳ್ಳಾದ್ರೆ ಇಲ್ಲಿಂದಲೇ ಟಾಟಾ."

ಅವಳು ಮೊಬೈಲಿನಲ್ಲಿ ಹುಡುಕಿದಳು. ಓದಿದಳು. ಕೆನ್ನೆ ಕೆಂಪೇರಿತು.

"ನೀವೇ ಗೆದ್ರಿ. ಹಳೇ ಫ್ರೆಂಚಲ್ಲೂ ಅದು ಮುಳ್ಳುಹಂದೀನೇ."

ನಾಗಭೂಷಣ ಅವಳ ಕೈಯಿಂದ ಮೊಬೈಲು ಕಸಿದುಕೊಂಡು ಕಣ್ಣರಳಿಸಿದ.

"ಅಯ್ಯೋ ದೇವ್ರೇ, ಇದು ನಿಜವೇನ್ರೀ?"