ಅದು ಕಾರ್ಯಕ್ರಮ, ಇದು ಮಾತು

"ಇದು ತುಂಬಾ ಭಾರ ಅಂತ ಅವರಿಗೆ ಹೇಳಪ್ಪ" ಎಂದಳು ತಂಗಿ, ಮೈಕನ್ನು ಅಂಗೈಯಲ್ಲಿ ತೂಗಿ ನೋಡುತ್ತ. ಅವರು ಎಂದರೆ ಅವಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅಕ್ಕ. ಮೈಕು, ಸ್ಪೀಕರ್ ಮಾರುವ ಆ ಅಂಗಡಿಯವನು ಒಂದು ಗಳಿಗೆ ಪಿಳಿಪಿಳಿ ಕಣ್ಣು ಬಿಟ್ಟು, "ತುಂಬಾ ಭಾರವಂತೆ" ಎಂದು ಅಕ್ಕನಿಗೆ ತಿಳಿಸಿದ. "ಹೊರೋಳು ನಾನು, ಅವಳಿಗೇನು ಕಷ್ಟ ಅಂತ ಕೇಳು" ಎಂದಳು ಅಕ್ಕ. ಅವನು ಅದನ್ನೂ ಕೇಳಿದ.

ಆ ದನಿಗಳನ್ನು ಅವನು ಎಲ್ಲೋ ಕೇಳಿದ್ದ. ಥಟ್ಟನೆ ಹೊಳೆಯಿತು. ಹೆಂಡತಿ ಅಡುಗೆಮನೆಯಲ್ಲಿ ಫೋನನ್ನು ಗೋಡೆಗೆ ಒರಗಿಸಿಟ್ಟು ಕೇಳುವ ಪಾಡ್‌ಕಾಸ್ಟಿನ ಅಕ್ಕ ತಂಗಿ ಇವರೇ. ಒಬ್ಬರ ಮಾತಿಗೆ ಇನ್ನೊಬ್ಬರು ಬಿದ್ದು ಬಿದ್ದು ನಗುವ ಜೋಡಿ. "ಒಡಹುಟ್ಟಿದವರು ಅಂದರೆ ಹೀಗಿರಬೇಕು" ಎಂದು ಹೆಂಡತಿ ಅವನಿಗೂ ಅವನ ತಮ್ಮನಿಗೂ ಸೇರಿಸಿ ಎಷ್ಟು ಸಲ ಚುಚ್ಚಿದ್ದಳೋ.

"ಪಾಡ್‌ಕಾಸ್ಟಲ್ಲಿ ಹರಟೆ ಹೊಡೀತೀರಲ್ಲ, ಅದು ನೀವೇ ಅಲ್ವಾ?" ಎಂದ.

"ನಾವೇ" ಎಂದಳು ತಂಗಿ. "ಆದರೆ ನಾವಿಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು. ಅದು ಕಾರ್ಯಕ್ರಮ, ಇದು ಮಾತು. ಎರಡನ್ನೂ ಒಂದಕ್ಕೊಂದು ಬೆರೆಸಬೇಡ."

ಅಕ್ಕನ ಮನೆಯಲ್ಲಿ ಮೇಜಿಗೆ ಬಿಗಿದ ಮೈಕೊಂದಿತ್ತು. ಭಾನುವಾರ ತಂಗಿ ಬಂದು ಎದುರು ಕೂರುವಳು. ಕೆಂಪು ದೀಪ ಹತ್ತಿದರೆ ಹರಟೆ, ಆರಿದರೆ ತುಟಿ ಬಿಚ್ಚದೆ ಚಪ್ಪಲಿ ಮೆಟ್ಟಿಕೊಂಡು ತನ್ನ ಮನೆಗೆ. ಈಗ ಅಕ್ಕ ಒಂದಷ್ಟು ದಿನ ಮನೆಯಲ್ಲಿ ಇರುವುದಿಲ್ಲ, ಹೋದಲ್ಲಿ ರೆಕಾರ್ಡ್ ಮಾಡಲು ಬ್ಯಾಗಿನಲ್ಲಿ ಹಿಡಿಯುವಂಥದ್ದೇನಾದರೂ ಬೇಕು. ಕಾರ್ಯಕ್ರಮದ ವಿಷಯವಾದ್ದರಿಂದ ತಂಗಿಗೆ ಮೆಸೇಜ್ ಹಾಕಿದ್ದಳು. ಎಲ್ಲಿಗೆ ಹೊರಟಿದ್ದಾಳೆಂದು ತಂಗಿ ಕೇಳಿರಲಿಲ್ಲ. ಅದು ಕಾರ್ಯಕ್ರಮದ ವಿಷಯವಲ್ಲ.

ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕನ್ನು ಅಂಗಡಿಯವನು ಮುಂದಿಟ್ಟ. ಎದೆಯ ಮೇಲೆ ಏನನ್ನೂ ಸಿಕ್ಕಿಸಿಕೊಳ್ಳಲು ತನಗಾಗುವುದಿಲ್ಲವೆಂದು ಅಕ್ಕ ಅವನ ಮೂಲಕ ತಿಳಿಸಿದಳು. ಹಾಗಾದರೆ ಕೈಯಲ್ಲಿ ಹಿಡಿಯುವುದೇ ಆಗಲಿ ಎಂದು ತಂಗಿ ಅವನ ಮೂಲಕವೇ ಒಪ್ಪಿದಳು. ಆ ಕಡೆಯ ಮಾತು ಈ ಕಡೆಗೆ ಹೊತ್ತು ಹೊತ್ತು ಅವನ ಗಂಟಲೊಣಗಿತು. ಶೋಕೇಸಿನಲ್ಲಿದ್ದ ಅಂಗೈಯಗಲದ ರೆಕಾರ್ಡರೊಂದನ್ನು ತೆಗೆದು ಇಬ್ಬರ ನಡುವೆ ಇಟ್ಟು, "ನೀವೇ ಮಾತಾಡಿ ನೋಡಿ, ದನಿ ಹೇಗೆ ಬರುತ್ತೋ" ಎಂದು ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು.

"ನಮಸ್ಕಾರ ಕೇಳುಗರೇ" ಎಂದಳು ಅಕ್ಕ, ಬೇರೆಯೇ ಹೆಂಗಸಿನಂತೆ. ತಂಗಿ ಸ್ಟೂಲು ಎಳೆದುಕೊಂಡು ಅವಳಿಗೆ ಒತ್ತಿಕೊಂಡೇ ಕೂತಳು. "ಇವತ್ತು ನಾವು ಮೈಕು ಕೊಳ್ಳೋಕೆ ಬಂದಿದ್ದೀವಿ. ನಮ್ಮಕ್ಕ ಭಾರದ್ದೇ ಬೇಕು ಅಂತ ಹಟ ಹಿಡಿದಿದ್ದಾಳೆ."

"ಚಿಕ್ಕವಳಿದ್ದಾಗ ಇವಳನ್ನೇ ಸೊಂಟದ ಮೇಲೆ ಹೊತ್ತು ತಿರುಗಿದ್ದೀನಿ. ಮೈಕು ಯಾವ ಲೆಕ್ಕ?"

ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಕ್ಕರು. ಅಂಗಡಿಯವನಿಗೂ ನಗು ತಡೆಯಲಾಗಲಿಲ್ಲ. ಅದೇ ನಗುಮುಖದಲ್ಲಿ ಅಕ್ಕ ಮುಂದುವರಿಸಿದಳು. "ಅಂದ ಹಾಗೆ ಕೇಳುಗರೇ, ಮುಂದಿನ ವಾರ ನಿಮ್ಮ ಅಕ್ಕನ ಎದೆ ಕೊಯ್ತಾರಂತೆ. ಹೃದಯದಲ್ಲಿ ಏನೋ ರಿಪೇರಿ. ಅದಕ್ಕೇ ಆಸ್ಪತ್ರೆಗೆ ಒಯ್ಯೋ ಮೈಕು ಹುಡುಕ್ತಿರೋದು."

ತಂಗಿಯ ನಗು ಮುಖದ ಮೇಲೇ ಉಳಿಯಿತು, ಇಳಿಸುವುದು ಮರೆತಂತೆ. "ಕೇಳುಗರ ಪರವಾಗಿ ಕೇಳ್ತೀನಿ ಅಕ್ಕ" ಎಂದಳು. "ಇದು ಯಾವಾಗ ಗೊತ್ತಾಯ್ತು?"

"ಆಗಲೇ ಎಷ್ಟೋ ದಿನ ಆಯ್ತು."

"ಕೇಳುಗರ ಪರವಾಗಿ ಇನ್ನೊಂದು ಪ್ರಶ್ನೆ. ತಂಗಿಗೆ ಯಾಕೆ ಹೇಳಲಿಲ್ಲ?"

"ತಂಗಿ ಹತ್ತಿರ ನನಗೆ ಮಾತಿಲ್ಲವಲ್ಲ ಕಣೇ."

ತಂಗಿ ಬಾಯಿ ತೆರೆದಳು. ಅಷ್ಟರಲ್ಲಿ ದೀಪ ಆರಿತು.

ಅವಳು ಹಾಗೇ ಬಾಯಿ ತೆರೆದುಕೊಂಡು ಅಂಗಡಿಯವನ ಕಡೆ ತಿರುಗಿದಳು. "ಏನಾಯ್ತು?" "ಶೋಕೇಸಿನದ್ದಮ್ಮ, ಚಾರ್ಜ್ ಮುಗೀತು." "ಬೇಗ ಹತ್ತಿಸು." ಅವನು ಡ್ರಾಯರುಗಳನ್ನು ಎಳೆದಾಡಿದ, ವೈರುಗಳ ಗಂಟನ್ನು ಹಲ್ಲಿನಲ್ಲಿ ಬಿಡಿಸಿದ. ಅಕ್ಕ ಸ್ಪೀಕರುಗಳ ಕಡೆ ಮುಖ ಮಾಡಿ ಕೂತಳು. ತಂಗಿ ಎದುರಿನ ಗೋಡೆಯ ಮೇಲಿನ ಬೆಲೆಚೀಟಿಗಳನ್ನು ಓದತೊಡಗಿದಳು. ಓದುತ್ತಲೇ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ವೈರು ಸಿಗಲಿಲ್ಲ. ಅಂಗಡಿಯವನು ಹೊಸ ಪೆಟ್ಟಿಗೆಗಳನ್ನೇ ಹೊತ್ತು ತಂದ.

"ಇದರಲ್ಲಿ ದನಿ ತುಂಬಾ ಚೆನ್ನಾಗಿ ಬರುತ್ತಮ್ಮ, ಪಕ್ಕದ ಗಲಾಟೆ..."

"ದನಿ ಹೇಗಾದರೂ ಬರಲಿ" ಎಂದಳು ತಂಗಿ. "ದೀಪ ಆರದೇ ಇರೋದು ಯಾವುದು?"

ತೋರಿಸಿದ. ಅದು ಎಲ್ಲದಕ್ಕಿಂತ ಭಾರವಾಗಿತ್ತು. "ಇದೇ ಆಗಬಹುದಂತಾ ಅವಳನ್ನ ಕೇಳು" ಎಂದಳು ಅಕ್ಕ. ಅವನು ಕೇಳುವ ಮೊದಲೇ ತಂಗಿ ಅದನ್ನು ಎದೆಗವಚಿಕೊಂಡು ಹೊರಟಿದ್ದಳು. ಅಕ್ಕ ದುಡ್ಡು ಎಣಿಸಿಟ್ಟು ಅವಳ ಹಿಂದೆಯೇ ಹೋದಳು.

ಗಾಜಿನ ಬಾಗಿಲಾಚೆ, ಫುಟ್‌ಪಾತಿನಲ್ಲೇ, ತಂಗಿ ಪೆಟ್ಟಿಗೆಯನ್ನು ಉಗುರಿನಿಂದ ಸೀಳಿದಳು. ದೀಪ ಹತ್ತಿತು. ತಂಗಿ ಏನೋ ಕೂಗಿದಳು, ಅಕ್ಕ ಏನೋ ಹೇಳಿದಳು, ತಂಗಿ ಇನ್ನೂ ಜೋರಾಗಿ ಕೂಗಿದಳು. ಬಸ್ಸೊಂದು ಬಂದು ನಿಂತು, ಇಬ್ಬರನ್ನೂ ನೋಡಿ, ಹೊರಟುಹೋಯಿತು. ಆಗ ಅಂಗಡಿಯವನಿಗೆ ಕೌಂಟರಿನ ಮೇಲೆ ಉಗುರಗಲದ ಮೆಮೊರಿ ಕಾರ್ಡು ಕಾಣಿಸಿತು. ರೆಕಾರ್ಡರಿನ ಜೊತೆ ಕೊಡುವುದೇ ಮರೆತಿತ್ತು. ಅದಿಲ್ಲದಿದ್ದರೆ ದೀಪವೇನೋ ಉರಿಯುತ್ತದೆ, ಒಂದು ಮಾತೂ ಒಳಗೆ ಉಳಿಯುವುದಿಲ್ಲ.

ಕಾರ್ಡು ಹಿಡಿದು ಓಡಿಹೋಗಿ ಬಾಗಿಲು ತೆರೆದ. ತಂಗಿ ಅಕ್ಕನ ಹೆಗಲಿಗೆ ಹಣೆ ಊರಿದ್ದಳು. ರೆಕಾರ್ಡರ್ ಹಿಡಿದ ಕೈಯನ್ನು ಮಾತ್ರ ಅಲುಗಿಸದೆ, ಅಕ್ಕನ ಬಾಯಿಯ ಹತ್ತಿರ ನೆಟ್ಟಗೆ ಹಿಡಿದಿದ್ದಳು. ಅಂಗಡಿಯವನು ಬಾಗಿಲನ್ನು ಸದ್ದಾಗದ ಹಾಗೆ ಹಿಂದಕ್ಕೆ ಎಳೆದುಕೊಂಡ.